ಹೊರಡಲೊಲ್ಲದ ಕಲ್ಲುಗಾಡಿ

ನಮ್ಮೂರಿನ ಕಲ್ಲಿಗೆ ತವರಿನ ಹುಚ್ಚು. ಖಣಿಯಿಂದ ಎಬ್ಬಿಸಿ ತಂದ ಯಾವ ಕಲ್ಲೂ ಇಟ್ಟಲ್ಲಿ ಸುಮ್ಮನೆ ಕೂರುವುದಿಲ್ಲ, ಮತ್ತೆ ಖಣಿಯ ಕಡೆಗೆ ಸರಿಯುತ್ತಲೇ ಇರುತ್ತದೆ. ನೆಲ ನುಣುಪಾಗಿದ್ದರೆ ಹರಳುಗಳು ನೋಡನೋಡುತ್ತಿದ್ದಂತೆ ಜಾರುತ್ತವೆ, ಗೋಡೆಗೆ ಸೇರಿದ ಕಲ್ಲು ವರ್ಷಕ್ಕೆ ಒಂದು ಗೇಣು. ಅದಕ್ಕೇ ನಮ್ಮಲ್ಲಿ ಎಮ್ಮೆಗೆ ಕಟ್ಟಿದ ಹಾಗೆ ಒರಳುಕಲ್ಲಿಗೂ ಹಗ್ಗ ಕಟ್ಟುತ್ತಾರೆ. ಖಣಿ ಇರುವುದು ಪಡುವಣಕ್ಕೆ, ಹಾಗಾಗಿ ಮನೆಗಳೆಲ್ಲ ಸಾಲಾಗಿ ಪಡುವಣಕ್ಕೇ ಹೊರಟಿವೆ. ಖಣಿಯಂಚಿಗೆ ಬಂದ ಮನೆಯವರು ಕಲ್ಲು ಬಿಚ್ಚಿಕೊಂಡು ಊರಿನ ಮೂಡಣ ತುದಿಗೆ ಹೋಗಿ ಮತ್ತೆ ಕಟ್ಟಿಕೊಳ್ಳುತ್ತಾರೆ. ಇದಕ್ಕೆ ಯಾರೂ ಗೊಣಗುವುದಿಲ್ಲ, ಸರದಿ ಎಲ್ಲರಿಗೂ ಬರುತ್ತದೆ. ನಾನು ಹುಟ್ಟಿದಾಗ ನಮ್ಮ ಬಾಗಿಲ ಮುಂದೆ ಇದ್ದ ಬೇವಿನ ಮರ ಈಗ ಪಕ್ಕದ ಬಡಿಗೇರರ ಬಾಗಿಲ ಮುಂದಿದೆ. ಮರ ನಿಂತಲ್ಲೇ ನಿಂತಿದೆ, ಸರಿದದ್ದು ನಾವು. ಅದರ ಎಲೆ ಗುಡಿಸಬೇಕಾದವರು ಯಾರು ಎಂದು ಬಡಿಗೇರರ ಸೊಸೆಗೂ ನಮ್ಮವ್ವನಿಗೂ ವಾರಕ್ಕೊಮ್ಮೆಯಾದರೂ ಮಾತು ಬೆಳೆಯುತ್ತದೆ.

ಹೆಣ್ಣುಮಕ್ಕಳನ್ನು ಪರಸ್ಥಳಕ್ಕೆ ಕೊಡುವಾಗ ಒಂದು ಕಲ್ಲು ಒಡೆಯುವ ಪದ್ಧತಿ ನಮ್ಮದು. ಅಂಗೈಯಲ್ಲಿ ಹಿಡಿಸುವ ಕಲ್ಲನ್ನು ಒಂದೇ ಏಟಿಗೆ ಸರಿಯಾಗಿ ಎರಡು ಹೋಳು ಮಾಡಿದರೆ ಆ ಹೋಳುಗಳು ಖಣಿಯನ್ನು ಮರೆಯುತ್ತವೆ. ಅಲ್ಲಿಂದ ಮುಂದೆ ಒಂದಕ್ಕೆ ಇನ್ನೊಂದರದೇ ಧ್ಯಾನ. ಒಂದು ಹೋಳು ಹುಡುಗಿಯ ಉಡಿಯಲ್ಲಿ ಹೋಗುತ್ತದೆ. ಇನ್ನೊಂದು ತವರುಮನೆಯ ಗೋಡೆಯ ಮಾಡದಲ್ಲಿ, ಹಿತ್ತಾಳೆ ತಾಟಿನ ಮೇಲೆ ಉಳಿಯುತ್ತದೆ. ಮಗಳು ಯಾವ ದಿಕ್ಕಿಗಿದ್ದಾಳೋ ತಾಟಿನ ಆ ಅಂಚಿಗೆ ಹೋಗಿ ಕೂರುತ್ತದೆ. ಪಂಚಮಿಗೆ ಅವಳನ್ನು ಕರೆಯಬೇಕೆಂದರೆ ಅಣ್ಣನೋ ತಮ್ಮನೋ ಆ ಹೋಳನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿ ದೂರದ ಯಾವುದಾದರೂ ಊರಿಗೆ ಹೋಗಿ ಬರುತ್ತಾನೆ. ಆಗ ಗಂಡನ ಮನೆಯಲ್ಲಿ ಅವಳ ತಾಟಿನ ಕಲ್ಲು ಅಂಚು ಬದಲಿಸಿ, ಮತ್ತೆ ಮೊದಲಿನ ಜಾಗಕ್ಕೆ ಬರುತ್ತದೆ. ತವರಿನವರು ಕರೆಯುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಗುತ್ತದೆ. ಇದಕ್ಕೆ ಕಲ್ಲು ತಿರುಗಿಸುವುದು ಎನ್ನುತ್ತೇವೆ. ಈಗ ಎಲ್ಲರ ಕೈಯಲ್ಲೂ ಮೊಬೈಲು ಇದೆ. ಆದರೂ ಕಲ್ಲು ತಿರುಗಿಸದೆ ಬರೀ ಫೋನಿನಲ್ಲಿ ಕರೆದರೆ ಮುಖ ಊದಿಸಿಕೊಂಡು ಬಾರದೆ ಕೂರುವ ಹೆಣ್ಣುಮಕ್ಕಳು ಬೇಕಾದಷ್ಟಿದ್ದಾರೆ.

ಆ ಕಲ್ಲು ಒಡೆದುಕೊಡುತ್ತಿದ್ದವನು ನಮ್ಮಪ್ಪ ಹುಲಗಪ್ಪ. ಊರಿನ ಮುಕ್ಕಾಲು ಪಾಲು ಹೆಣ್ಣುಮಕ್ಕಳ ಹೋಳುಗಳ ಅಂಚಿನಲ್ಲಿ ಅವನ ಉಳಿಯ ಎರಡು ಚುಕ್ಕೆ ಇವೆ. ಆದರೆ ನಮ್ಮ ಮನೆಯ ಮಾಡದಲ್ಲಿ ಮಾತ್ರ ಖಾಲಿ ತಾಟು. ಅವ್ವ ಅದನ್ನು ದಿನಾ ಬೆಳಿಗ್ಗೆ ಹುಣಸೆಹಣ್ಣು ಹಾಕಿ ತಿಕ್ಕಿ, ಒರೆಸಿ, ಮತ್ತೆ ಅಲ್ಲೇ ಇಡುತ್ತಾಳೆ. ಅಕ್ಕ ನೀಲವ್ವ ಕಲ್ಲಿಲ್ಲದೆ ಹೋದವಳು. ಕಲ್ಲು ಸಾಗಿಸುವ ರೈಲುಗಾಡಿಯ ಗಾರ್ಡ್ ಆಗಿ ಬರುತ್ತಿದ್ದ ದಾನಯ್ಯ ಎಂಬ ತೆಲುಗಿನವನ ಮೇಲೆ ಅವಳ ಮನಸ್ಸಾಯಿತು. ಅಪ್ಪ ಒಪ್ಪಲಿಲ್ಲ, ಓಣಿಯ ಹಿರಿಯರಂತೂ ಒಪ್ಪುವ ಮಾತೇ ಇರಲಿಲ್ಲ. ಒಂದು ಮಧ್ಯಾಹ್ನ ಎಲ್ಲರ ಕಣ್ಣೆದುರಿಗೇ ಅವಳು ಖಣಿಯ ಕವಲು ಹಳಿಗೆ, ಸೈಡಿಂಗಿಗೆ, ನಡೆದು ಹೋಗಿ, ಗಾಡಿಯ ಕೊನೆಗಿದ್ದ ಗಾರ್ಡ್ ಡಬ್ಬಿ ಹತ್ತಿದಳು. ಅಪ್ಪ ಲೋಡಿಂಗ್ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ನಿಂತಿದ್ದ. ನಾನೂ ಅವ್ವನೂ ರೈಲ್ವೆ ಗೇಟಿನ ಹತ್ತಿರ ಇದ್ದೆವು. ಅಕ್ಕ ಡಬ್ಬಿಯ ಕಂಬಿ ಹಿಡಿದು ಕೈ ಬೀಸಿದಳು. ಗಾಡಿ ಮೂಡಣದ ಜಂಕ್ಷನ್ ಕಡೆಗೆ ಹೋಯಿತು.

ಕೆಲವು ತಿಂಗಳಾದ ಮೇಲೆ ರೈಲಿನವರನ್ನು ಕೇಳಿದರೆ ದಾನಯ್ಯನಿಗೆ ವರ್ಗವಾಯಿತು ಎಂದರು, ಎಲ್ಲಿಗೆ ಎಂದು ಅವರಿಗೂ ಗೊತ್ತಿರಲಿಲ್ಲ. ಅಪ್ಪ ಮನೆಯಲ್ಲಿ ಅವಳ ಹೆಸರೆತ್ತಲು ಬಿಡಲಿಲ್ಲ. ಅಕ್ಕ ಯಾವ ದಿಕ್ಕಿನಲ್ಲಿದ್ದಾಳೆ, ಇದ್ದಾಳೋ ಇಲ್ಲವೋ, ಒಂದೂ ತಿಳಿಯದೆ ನನ್ನ ಕೂದಲು ಬೆಳ್ಳಗಾಯಿತು. ಪ್ರತಿ ಪಂಚಮಿಗೂ ಓಣಿಯ ಗಂಡಸರೆಲ್ಲ ಗರಿಗರಿ ಅಂಗಿ ತೊಟ್ಟು ಕಲ್ಲು ತಿರುಗಿಸಲು ಬಸ್ಸು ಹತ್ತುವಾಗ ನಾನು ನನ್ನ ಸೈಕಲ್ ರಿಪೇರಿ ಅಂಗಡಿಯಲ್ಲಿ ಕೂತು ಯಾರದೋ ಚಕ್ರದ ಸೊಟ್ಟ ತೆಗೆಯುತ್ತಿರುತ್ತೇನೆ. ಒಂದೇ ಒಂದು ಸಲ ನಾನೂ ಹಾಗೆ ಬಸ್ಸು ಹತ್ತಬೇಕು, ಅಕ್ಕನನ್ನು ಕರೆಯಬೇಕು. ಈ ಜನ್ಮದಲ್ಲಿ ನನಗೆ ಬೇಕಾಗಿದ್ದದ್ದು ಅಷ್ಟೇ ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಖಣಿಯಲ್ಲಿ ನೀರು ಬಂದು ಕೆಲಸ ನಿಂತಿತು. ಸೈಡಿಂಗಿನ ಹಳಿ ಕಿತ್ತುಕೊಂಡು ಹೋದರು. ಉಳಿದದ್ದು ಲೋಡಿಂಗ್ ಕಟ್ಟೆ, ಅದರ ಮುಂದೆ ಹಳಿ ಇದ್ದ ಉದ್ದಕ್ಕೂ ಜಾಲಿ. ಅಪ್ಪ ಕಾಲು ಆಡುವವರೆಗೂ ದಿನಾ ಸಂಜೆ ಆ ಕಟ್ಟೆಗೆ ಹೋಗಿ ಕೂರುತ್ತಿದ್ದ. ದುಡಿದ ಜಾಗದ ಮೋಹ ಎಂದುಕೊಂಡಿದ್ದೆವು. ಅವನು ಸತ್ತ ಮೇಲೆ ಆ ಮೋಹ ನನಗೆ ಅಂಟಿಕೊಂಡಿತು. ನನಗೆ ಆ ಮಧ್ಯಾಹ್ನವನ್ನು ಇನ್ನೊಮ್ಮೆ ನೋಡಬೇಕಾಗಿತ್ತು. ಗಾಡಿ ಕಟ್ಟೆ ಬಿಡಬೇಕು, ಗೇಟು ದಾಟಬೇಕು, ಕೊನೆಯ ಡಬ್ಬಿ ದೂರ ಹೋಗಬೇಕು. ಎಷ್ಟು ಸಣ್ಣದಾದರೂ ಸರಿ.

ಇದನ್ನು ಖಾಜಾ ಕಾಕಾನಿಗೆ ಹೇಳಿದೆ. ಖಾಜಾಸಾಬ ಸೈಡಿಂಗಿನ ಗೇಟ್‌ಮನ್ ಆಗಿದ್ದವನು. ಹಳಿ ಹೋದರೂ ಅವನ ಜಂಬ ಹೋಗಿರಲಿಲ್ಲ. ಗೇಟಿದ್ದ ಜಾಗದಲ್ಲಿ ಯಾರಾದರೂ ಎಡಬಲ ನೋಡದೆ ದಾಟಿದರೆ ಇಂದಿಗೂ ಬೈಯುತ್ತಾನೆ.

"ಸಣ್ಣ ಗಾಡಿ ಮಾಡೂಣು, ಅದಕ್ಕೇನಂತ," ಎಂದ ಕಾಕಾ. "ಖರೆ ಒಂದು ಮಾತು. ಎಲ್ಲಾ ಇದ್ದಂಗ ಇರಬೇಕು. ದಿಕ್ಕು ಸೈತ ತಪ್ಪಬಾರದು."

ಹಾಗೆ ನಮ್ಮ ಪಡಸಾಲೆಯಲ್ಲಿ ಸೈಡಿಂಗ್ ಹುಟ್ಟಿತು. ಪಡುವಣ ಗೋಡೆಗೆ ಲೋಡಿಂಗ್ ಕಟ್ಟೆ, ಮೂಡಣ ಗೋಡೆಗೆ ಜಂಕ್ಷನ್, ನಡುವೆ ಮನೆಯ ಬಾಗಿಲಿಗೆ ಎದುರಾಗಿ ಗೇಟು. ಸೈಕಲ್ ಕಡ್ಡಿಗಳನ್ನು ಬೆಸೆದು ಹಳಿ ಮಾಡಿದೆ, ಎಣ್ಣೆ ಡಬ್ಬದ ತಗಡಿನಲ್ಲಿ ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ವ್ಯಾಗನ್ನುಗಳನ್ನು ಕತ್ತರಿಸಿದೆ. ಚಕ್ರ ಮಾತ್ರ ಕಾಕಾನೇ ಅರದಿಂದ ಉಜ್ಜಿ ಉಜ್ಜಿ ಮಾಡಿದ. ಎಂಜಿನ್ನಿಗೆ ಆಟದ ಕಾರಿನ ಮೋಟರು. ಅವ್ವ ತಾನು ಮಲಗುವ ಹೊರಸನ್ನು ಗೋಡೆ ಬದಿಗೆ ಎಳೆಸಿಕೊಂಡು, "ಮದುವಿ ಮಾಡ್ಕೋ ಅಂದ್ರ ಮನ್ಯಾಗ ಜಾಗ ಎಲ್ಲೈತಿ ಅಂತಿದ್ದಿ. ಈಗ ರೈಲು ಹಾಸಾಕ ಜಾಗ ಐತೇನು?" ಎಂದಳು. ಎಂಬತ್ತರ ಹತ್ತಿರವಾದರೂ ಅವಳ ನಾಲಗೆಗೆ ವಯಸ್ಸಾಗಿಲ್ಲ.

ಎಲ್ಲಾ ಇದ್ದಂಗ ಇರಬೇಕು ಎಂದದ್ದೇ ನಮಗೆ ಮುಳುವಾಯಿತು. ಹಳಿಯ ಕೆಳಗೆ ಹರಡಲು ಸೈಡಿಂಗಿನಿಂದಲೇ ಖಡಿ ತಂದೆವು. ವ್ಯಾಗನ್ನಿಗೆ ತುಂಬಲು ಖಣಿಯ ಕಲ್ಲಿನದೇ ಚೂರು. ತಿಂಗಳುಗಟ್ಟಲೆ ಮೈಮುರಿದು ಎಲ್ಲ ಸಿದ್ಧ ಮಾಡಿ, ಓಣಿಯವರನ್ನು ಕರೆದು ಕೂರಿಸಿ, ಕಾಕಾ ಹಸಿರು ಬಟ್ಟೆ ಬೀಸಿ, ನಾನು ಸ್ವಿಚ್ ಒತ್ತಿದರೆ ಗಾಡಿ ಹೊರಡಲಿಲ್ಲ. ಎಂಜಿನ್ನು ಮೂಡಣಕ್ಕೆ ಎಳೆಯಿತು, ಆರು ವ್ಯಾಗನ್ನಿನ ಕಲ್ಲು ಪಡುವಣಕ್ಕೆ ಎಳೆಯಿತು, ಚಕ್ರ ನಿಂತಲ್ಲೇ ಗಿರಗಿರ ತಿರುಗಿ ಮೋಟರಿನಿಂದ ಹೊಗೆ ಬಂತು. ಕೊನೆಗೆ ಗಾಡಿ ಎಂಜಿನ್ನನ್ನೂ ಎಳೆದುಕೊಂಡು ಹಿಂದೆ ಹೋಗಿ ಕಟ್ಟೆಗೆ ಆತು ನಿಂತಿತು. ಹೋದದ್ದಕ್ಕಿಂತ ಬಂದದ್ದೇ ಹೆಚ್ಚಾಯಿತು ಎಂದು ಬಡಿಗೇರರ ಸೊಸೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಿಜವಾದ ಗಾಡಿಗೆ ಹೋಗುವಾಗ ಎರಡು ಎಂಜಿನ್ ಹಚ್ಚುತ್ತಿದ್ದರು, ಸರಪಳಿ ಹಾಕಿ ಕಲ್ಲನ್ನು ಬಿಗಿಯುತ್ತಿದ್ದರು. ಅದನ್ನು ಕಣ್ಣಾರೆ ಕಂಡ ನಾವಿಬ್ಬರೂ ಅದನ್ನೇ ಮರೆತಿದ್ದೆವು.

"ಇಟ್ಟಂಗಿ ಚೂರು ತುಂಬಿದರ ಹೋಗ್ತೈತಿ," ಎಂದೆ.

"ಇಟ್ಟಂಗಿ ತುಂಬಿದ್ದು ನಮ್ಮ ಗಾಡಿ ಹೆಂಗಾಗ್ತೈತೋ?" ಎಂದು ಕಾಕಾ ಸಿಟ್ಟಾದ. "ನಿಂಗ ಗಾಡಿ ಬೇಕೋ, ಆಟದ ಸಾಮಾನು ಬೇಕೋ?"

ಬೇಕಾದ್ದು ಗಾಡಿಯೇ. ಎರಡನೆಯ ಎಂಜಿನ್ ಮಾಡಲು ಕೂತೆ. ಅದರ ನಡುವೆ ಗಾರ್ಡ್ ಡಬ್ಬಿಯದು ಬೇರೆ ಗೋಳು. ಅದು ಖಾಜಾ ಕಾಕಾ ಒಬ್ಬನೇ ಮಾಡಿದ ಡಬ್ಬಿ, ಹಿಂದೆ ಕಂಬಿ, ಮೇಲೆ ಕಳಚಿ ಹಾಕುವ ತಗಡಿನ ಚಾವಣಿ, ಒಳಗೆ ಬೆಂಚು ಕೂಡ ಇತ್ತು. ಆದರೆ ಖಾಲಿ ಡಬ್ಬಿ ಹಗುರವಾಗಿ, ಮುಟ್ಟಿದರೆ ಹಳಿ ತಪ್ಪುತ್ತಿತ್ತು. "ಕಾಕಾ, ನಿಮ್ಮ ಡಬ್ಬಿ ಹಳಿ ತಪ್ತು" ಎಂದು ನಾನು ದಿನಕ್ಕೆ ಎಷ್ಟು ಸಲ ಅಂದೆನೋ. ಅವನು ಒಮ್ಮೆಯೂ ಒಪ್ಪಲಿಲ್ಲ. "ತಪ್ಪಿಲ್ಲ. ನೀ ನೆಲಾ ಅಲುಗಾಡಿಸಿದಿ," ಎನ್ನುತ್ತಿದ್ದ. ಕೊನೆಗೆ ಒಂದು ದಿನ ಹಳೆಯ ಲೋಡಿಂಗ್ ಕಟ್ಟೆಗೆ ಖಡಿ ತರಲು ಹೋದವನು ಅಲ್ಲಿ ಕಟ್ಟೆಯ ಸಂದಿಯೊಳಗೆ ಸಿಕ್ಕಿಕೊಂಡಿದ್ದ, ಸುಣ್ಣ ಮೆತ್ತಿದ ಒಂದು ದಪ್ಪನೆಯ ಹರಳನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ ತಂದ. ಡಬ್ಬಿಯ ಬೆಂಚಿನ ಕೆಳಗೆ ಅಳತೆ ಮಾಡಿದ ಹಾಗೆ ಕೂತಿತು. ಮೇಲೆ ಮೇಣ ಬಿಟ್ಟು ಚಾವಣಿ ಮುಚ್ಚಿದ.

"ಈಗ ತಪ್ಪಲಿ ನೋಡ್ತೀನಿ," ಎಂದು ಡಬ್ಬಿಯನ್ನು ಕಟ್ಟೆಯ ಹತ್ತಿರ ಹಳಿಯ ಮೇಲಿಟ್ಟ.

ಡಬ್ಬಿ ಹಳಿ ತಪ್ಪಲಿಲ್ಲ. ಹೊರಟಿತು. ಎಂಜಿನ್ ಇಲ್ಲ, ಯಾರೂ ತಳ್ಳಿಲ್ಲ, ತನ್ನಷ್ಟಕ್ಕೆ ತಾನು ಕಟ್ಟೆ ಬಿಟ್ಟು, ಗೇಟು ದಾಟಿ, ಮೂಡಣ ಗೋಡೆಯವರೆಗೆ ಹೋಗಿ ಟಕ್ ಎಂದು ಬಡಿಯಿತು. ನಾನು ಹಿಂದಕ್ಕೆ ತಂದಿಟ್ಟೆ. ಮತ್ತೆ ಹೋಯಿತು.

"ನಿಮ್ಮ ಚಕ್ರ ಸೊಟ್ಟ ಅದಾವ್ರಿ ಕಾಕಾ."

"ನಿನ್ನ ನೆಲಾ ಸೊಟ್ಟ ಐತಿ!"

ನೆಲಕ್ಕೆ ಚೊಂಬಿನಿಂದ ನೀರು ಹಾಕಿ ನೋಡಿದೆವು. ನೀರು ನಿಂತಲ್ಲೇ ನಿಂತಿತು. ಚಕ್ರ ಬಿಚ್ಚಿ ಬೇರೆ ವ್ಯಾಗನ್ನಿಗೆ ಹಾಕಿದೆವು, ಅದು ಮರ್ಯಾದೆಯಿಂದ ಪಡುವಣಕ್ಕೆ ಹೋಯಿತು. ನಾವು ಹೀಗೆ ಒಬ್ಬರ ಮೇಲೊಬ್ಬರು ಹಾರಾಡುತ್ತಿರುವಾಗ ಅವ್ವ ಹೊರಸಿನ ಮೇಲೆ ಕೂತು ಪಂಚಮಿಯ ಉಂಡಿಗೆಂದು ಶೇಂಗಾ ಸುಲಿಯುತ್ತಿದ್ದಳು. ಅವಳ ಕೈ ನಿಂತಿದ್ದನ್ನು ನಾನು ಗಮನಿಸಲಿಲ್ಲ.

"ಅದರಾಗ ಯಾರ ಹೋಳು ಇಟ್ಟೀರಿ?" ಎಂದಳು.

ಸಣ್ಣ ಮಕ್ಕಳಿಗೂ ಹೊಳೆಯಬೇಕಾದ ಮಾತು. ಖಣಿಗೆ ಬೆನ್ನು ಹಾಕುವ ಕಲ್ಲು ನಮ್ಮೂರಿನಲ್ಲಿ ಇನ್ಯಾವುದಿದೆ? ಕಾಕಾ ಚಾವಣಿ ಕಳಚಿ, ಮೇಣ ಕೆರೆದು, ಹರಳನ್ನು ಹೊರತೆಗೆದು ಅವ್ವನ ಅಂಗೈಗೆ ಹಾಕಿದ. ಅವ್ವ ಉಗುರಿನಿಂದ ಸುಣ್ಣ ಎಬ್ಬಿಸಿದಳು. ಒಂದು ಬದಿ ಆಡಿ ಆಡಿ ನುಣುಪಾದ ಕೆಂಪು ಕಲ್ಲು, ಅದರ ನಡುವೆ ಬಿಳಿಯ ಗೆರೆ. ಇನ್ನೊಂದು ಬದಿ ಚಪ್ಪಟೆಯಾಗಿ ಒಡೆದ ಮುಖ, ಅಂಚಿನಲ್ಲಿ ಉಳಿಯ ಎರಡು ಚುಕ್ಕೆ.

"ನೀಲವ್ವನ ಹರಳಾಟದ ಕಲ್ಲು ಇದು," ಎಂದಳು ಅವ್ವ. "ಬಿಳಿ ಗೆರಿ ನೋಡು. ಆಕಿ ಹ್ವಾದ ಮ್ಯಾಲ ಹುಡುಕಿ ಹುಡುಕಿ ಸಾಕಾಗಿತ್ತು ನಂಗ."

ಖಾಜಾ ಕಾಕಾ ಅಲ್ಲೇ ನೆಲಕ್ಕೆ 'ಯಾ ಅಲ್ಲಾ' ಎಂದು ಕೂತುಬಿಟ್ಟ. ಆ ಮಧ್ಯಾಹ್ನ ಗಾಡಿ ಬಿಡುವ ಮೊದಲು, ನಾನೂ ಅವ್ವನೂ ಇನ್ನೂ ಗೇಟಿಗೆ ಬಂದಿರದಾಗ, ಅಪ್ಪ ಗಾರ್ಡ್ ಡಬ್ಬಿಯ ಹತ್ತಿರ ಹೋಗಿದ್ದನಂತೆ. ಸರಪಳಿ ಬಿಗಿಯಾಗಿದೆಯೋ ನೋಡಿ ಬರುತ್ತೇನೆ ಎಂದು ಗೇಟಿನಲ್ಲಿದ್ದ ಕಾಕಾನಿಗೆ ಕೂಗಿ ಹೇಳಿದ್ದನಂತೆ. "ಗಾರ್ಡ್ ಡಬ್ಬಿಗೆ ಎಲ್ಲೀದು ಸರಪಳಿ? ಆವಾಗ ನಂಗ ಹೊಳಿಲೇ ಇಲ್ಲ ನೋಡು," ಎಂದ.

ಅಪ್ಪ ಕಲ್ಲು ಒಡೆದಿದ್ದ. ಮದುವೆಯಾಗದೆ ಹೋಗುವ ಹುಡುಗಿಗೆ ಕಲ್ಲು ಒಡೆದನೆಂದು ಹಿರಿಯರಿಗೆ ಗೊತ್ತಾದರೆ ಮತ್ತೆ ಯಾರೂ ಅವನ ಕೈಗೆ ಕಲ್ಲು ಕೊಡುತ್ತಿರಲಿಲ್ಲ, ಅದಕ್ಕೇ ಮುಚ್ಚಿಟ್ಟ. ಒಂದು ಹೋಳು ಅವಳಿಗೆ ಕೊಟ್ಟು, ಇನ್ನೊಂದನ್ನು ಕಟ್ಟೆಯ ಸಂದಿಯಲ್ಲಿ ಸುಣ್ಣದಲ್ಲಿ ಹೂತು, ಮುದುಕನಾಗುವವರೆಗೆ ಪ್ರತಿ ಸಂಜೆ ಅದರ ಪಕ್ಕ ಹೋಗಿ ಕೂತ. ಅವ್ವ ಅಳುತ್ತಾಳೆ ಎಂದುಕೊಂಡೆ. ಅವಳು ಗೋಡೆಯ ಮೇಲಿದ್ದ ಅಪ್ಪನ ಫೋಟೋ ಕಡೆ ತಿರುಗಿ ಬಾಯಿ ಮಾಡಿದಳು.

"ಅಯ್ಯ ನಿನ್ನ! ಇಷ್ಟು ವರ್ಷ ನನ್ನ ಕೈಲೆ ಖಾಲಿ ತಾಟು ತಿಕ್ಕಿಸಿದೆಲ್ಲೋ ಮುದುಕಾ! ಒಡಿಯಾಕ ಕೈ ಬಂತು, ತಿರುಗಿಸಾಕ ಬರಲಿಲ್ಲೇನು? ಆಕಿ ಅಲ್ಲಿ ದಿನಾ ತಾಟು ನೋಡಿ ನೋಡಿ ಏನಾಗಿರಬೇಕು?"

ಆಮೇಲೆ ಅತ್ತಳು. ಕಾಕಾನೂ ಅತ್ತ. ನಾನು ಚೊಂಬಿನ ನೀರು ಒರೆಸುವ ನೆಪ ಮಾಡಿ ಒಳಗೆ ಹೋದೆ.

ಖುಷಿಯ ಜೊತೆಗೇ ಒಂದು ಅಳುಕು ಹುಟ್ಟಿತು. ಕಲ್ಲಿಗೆ ಬದುಕಿದವರು ಸತ್ತವರು ಗೊತ್ತಾಗುವುದಿಲ್ಲ. ಯಾವುದೋ ಊರಿನ ಯಾವುದೋ ಪೆಟ್ಟಿಗೆಯ ತಳದಲ್ಲಿ ಅಕ್ಕನ ಹೋಳು ವಾರಸುದಾರರಿಲ್ಲದೆ ಬಿದ್ದಿದ್ದರೂ ನಮ್ಮ ಹೋಳು ಹೀಗೇ ಮೂಡಣಕ್ಕೆ ಓಡುತ್ತದೆ. ಅದನ್ನು ಅವ್ವನ ಮುಂದೆ ಹೇಳಲಿಲ್ಲ. ಅವಳಿಗೂ ಗೊತ್ತಿತ್ತು, ಅವಳೂ ಹೇಳಲಿಲ್ಲ.

"ಪಂಚಮಿ ಹತ್ರ ಬಂತು. ತಿರುಗಿಸಿಕೊಂಡು ಬಾ ಹೋಗು," ಎಂದಳು ಅಷ್ಟೇ.

ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಡಗಣದ ಬಸ್ಸು ಹತ್ತಿದೆ. ಬಸ್ಸಿನ ತುಂಬ ಅಂಥದೇ ಅಂಗಿಯ ಅಣ್ಣತಮ್ಮಂದಿರು. ಯಾವ ವರ್ಷವೂ ಕಾಣದ ನಾನು ಇವತ್ತು ಯಾಕೆ ಕೂತಿದ್ದೇನೆಂದು ಎಲ್ಲರ ಕಣ್ಣು ನನ್ನ ಮೇಲೆ. ಪಕ್ಕದಲ್ಲಿ ಕೂತಿದ್ದ ಪರಸ್ಥಳದ ಹೆಂಗಸೊಬ್ಬಳು, "ಯಾರನ್ನ ಕರಿಯಾಕ ಹೊಂಟೀರಿ ಅಣ್ಣಾ?" ಎಂದು ಕೇಳಿದಳು.

"ನಮ್ಮಕ್ಕನ್ನ," ಎಂದೆ. "ನೀಲವ್ವ ಅಂತ."

ಆ ಹೆಸರನ್ನು ನಾನು ನಾಲ್ಕು ಜನರ ನಡುವೆ ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಮುಂದಿನ ಸೀಟಿನವನು ತಿರುಗಿ ನೋಡಿದ. ನಾನು ಜೇಬಿನ ಮೇಲೆ ಕೈಯಿಟ್ಟುಕೊಂಡು ಕಿಟಕಿಯ ಆಚೆ ನೋಡಿದೆ. ಹರಳು ಅಂಗಿಯ ಬಟ್ಟೆಯನ್ನು ಬಲಕ್ಕೆ ಜಗ್ಗುತ್ತಿತ್ತು, ಕೂಸು ಸೆರಗು ಜಗ್ಗಿದ ಹಾಗೆ.

ಬಸ್ಸು ನಿಂತ ದೊಡ್ಡ ಊರಿನಲ್ಲಿ ಚಹಾ ಅಂಗಡಿಯವನಿಂದ ಸ್ಟೀಲ್ ತಾಟು ಇಸಿದುಕೊಂಡು ಹೋಳನ್ನು ಅದರ ಮೇಲಿಟ್ಟೆ. ಅದು ಆಗ್ನೇಯದ ಅಂಚಿಗೆ ಹೋಗಿ ಕೂತಿತು. ಎದುರಿಗೇ ರೈಲ್ವೆ ಸ್ಟೇಷನ್. ಆ ದಿಕ್ಕಿಗೆ ಹೋಗುವ ಗಾಡಿ ಬಂದು ನಿಂತಿತ್ತು ಕೂಡ. ತಾಟು ಹಿಡಿದುಕೊಂಡು ಹತ್ತಿದರೆ ಕಲ್ಲು ತೋರಿಸಿದ ಕಡೆ ಹೋಗಿ ಹೋಗಿ ಅವಳ ಬಾಗಿಲಲ್ಲೇ ನಿಲ್ಲಬಹುದು. ಕಲ್ಲು ಹಿಡಿದು ಮಗಳ ಮನೆ ಹುಡುಕಿಕೊಂಡು ಹೋಗುವುದು ನಮ್ಮಲ್ಲಿಲ್ಲ, ಕರೆಯುವುದಷ್ಟೇ ತವರಿನದು, ಬರುವುದು ಅವಳದು. ಆದರೆ ನನ್ನನ್ನು ತಡೆದದ್ದು ಪದ್ಧತಿಯಲ್ಲ, ಹೆದರಿಕೆ. ಬಾಗಿಲು ತೆಗೆದವರು ಬೇರೆ ಯಾರೋ ಆಗಿ, ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಇದ್ದರೆ? ಅದನ್ನು ಹೊತ್ತುಕೊಂಡು ಅವ್ವನ ಮುಂದೆ ಹೇಗೆ ನಿಲ್ಲಲಿ? ಗಾಡಿ ಹೋಗುವವರೆಗೂ ಚಹಾ ಕುಡಿಯುತ್ತ ಕೂತು, ಸಂಜೆಯ ಬಸ್ಸಿಗೆ ವಾಪಸು ಬಂದೆ.

ಹೋಳನ್ನು ಮಾಡದ ತಾಟಿನ ಮೇಲಿಡಲು ಹೋದರೆ ಅವ್ವ ಬೇಡವೆಂದಳು.

"ಆ ಡಬ್ಬ್ಯಾಗ ಇಡು. ಯಾವ ಡಬ್ಬ್ಯಾಗ ಹ್ವಾದ್ಲೋ ಅದರಾಗ ಬರಲಿ."

ಗಾರ್ಡ್ ಡಬ್ಬಿಯನ್ನು ಹಳಿಯ ಮೇಲಿಟ್ಟೆ. ಅದು ಹೋಗಿ ಜಂಕ್ಷನ್ನಿನ ಗೋಡೆಗೆ ಆತು ನಿಂತಿತು. ಪಂಚಮಿ ಬಂತು. ಬಡಿಗೇರರ ಮಗಳು ಬಂದಳು, ಎದುರು ಮನೆಯ ಮೂರೂ ಹೆಣ್ಣುಮಕ್ಕಳು ಬಂದರು, ಬೇವಿನ ಮರಕ್ಕೆ ಜೋಕಾಲಿ ಬಿತ್ತು. ಅವ್ವ ಎಳ್ಳುಂಡಿ, ಶೇಂಗಾ ಉಂಡಿ ಕಟ್ಟಿ ಓಣಿಗೆಲ್ಲ ಹಂಚಿದಳು, ಒಂದು ಡಬ್ಬ ತುಂಬ ತೆಗೆದೂ ಇಟ್ಟಳು. ನಾನೂ ಕಾಕಾನೂ ಗಾಡಿಯ ಕೆಲಸ ಮುಂದುವರಿಸುವವರ ಹಾಗೆ ನೆಲದ ಮೇಲೆ ಕೂತು, ಯಾವ ಕೆಲಸವನ್ನೂ ಮಾಡದೆ, ಆ ಡಬ್ಬಿಯನ್ನೇ ನೋಡುತ್ತಿದ್ದೆವು. ಅದು ಗೋಡೆ ಬಿಟ್ಟು ಕದಲಲಿಲ್ಲ. ಜೋಕಾಲಿ ಬಿಚ್ಚಿದರು. ಬಂದ ಹೆಣ್ಣುಮಕ್ಕಳು ಉಡಿ ತುಂಬಿಸಿಕೊಂಡು ಹೋದರು.

ಆ ದಿನಗಳಲ್ಲಿ ನನಗೆ ಅಪ್ಪ ಅರ್ಥವಾದ. ತಿರುಗಿಸದೆ ಇದ್ದವರೆಗೆ, ತಿರುಗಿಸಿದರೆ ಬಂದಾಳು ಎಂಬುದಾದರೂ ಇರುತ್ತದೆ. ತಿರುಗಿಸಿದ ಮೇಲೂ ಬಾರದಿದ್ದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅವನು ಆ ಕಟ್ಟೆಯ ಮೇಲೆ ಕಾಯ್ದುಕೊಂಡು ಕೂತದ್ದು ಕಲ್ಲನ್ನಲ್ಲ, ಅಷ್ಟು ಆಸೆಯನ್ನು. ನಾನು ಅದನ್ನು ಖರ್ಚು ಮಾಡಿಬಿಟ್ಟಿದ್ದೆ. ಅವ್ವ ಮಾತ್ರ ಬೆಳಿಗ್ಗೆ ಎದ್ದು ಖಾಲಿ ತಾಟು ತಿಕ್ಕುವುದನ್ನು ಬಿಡಲಿಲ್ಲ.

ಹಬ್ಬ ಕಳೆದು ಎಷ್ಟೋ ದಿನವಾಗಿತ್ತು. ಮಧ್ಯಾಹ್ನ. ಅಂಗಡಿಗೆ ಬೀಗ ಹಾಕಿ ಊಟಕ್ಕೆ ಬಂದಿದ್ದೆ. ಕಾಕಾ ಎರಡನೆಯ ಎಂಜಿನ್ನಿಗೆ ಬಣ್ಣ ಹಚ್ಚುತ್ತಿದ್ದ. ಹೊರಗೆ ಜಂಕ್ಷನ್ ಬಸ್ಸು ಹೋದ ಸದ್ದಾಯಿತು, ಅದು ದಿನಾ ಹೋಗುವ ಹಾಗೆಯೇ ನಮ್ಮ ಓಣಿ ದಾಟಿ ಖಣಿಯ ಹತ್ತಿರದ ಬಸ್‌ಸ್ಟ್ಯಾಂಡಿಗೆ ಹೋಯಿತು. ಪಡಸಾಲೆಯಲ್ಲಿ ಸರ್ರನೆ ಸದ್ದು. ತಿರುಗಿ ನೋಡುವಷ್ಟರಲ್ಲಿ ಗಾರ್ಡ್ ಡಬ್ಬಿ ಜಂಕ್ಷನ್ ಬಿಟ್ಟು, ಗೇಟು ದಾಟಿ, ಪಡುವಣ ಗೋಡೆಯ ಲೋಡಿಂಗ್ ಕಟ್ಟೆಗೆ ಹೋಗಿ ಬಡಿದಿತ್ತು.

ಕಾಕಾನ ಕೈಯಿಂದ ಕುಂಚ ಬಿತ್ತು.

"ಯವ್ವಾ, ಡಬ್ಬಿ ತಿರುಗಿ ಬಂತು!" ಎಂದ.

ಅವ್ವ ಹೊರಸಿನಿಂದ ಎದ್ದು ಕೂತಳು. "ಬಸ್ಸಿನ್ಯಾಗಿದ್ಲು. ಮನಿಗೆ ಇಳಿಲಿಲ್ಲ. ಎಲ್ಲಿಗೆ ಹ್ವಾದ್ಲು?"

"ಕಟ್ಟೀಗೆ," ಎಂದೆ. "ಅಪ್ಪ ನಿಂತಿದ್ದ ಕಟ್ಟೀಗೆ ಹೋಗ್ಯಾಳಬೇ."

ನಾನು ಚಪ್ಪಲಿ ಹುಡುಕತೊಡಗಿದೆ. ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಕಾಕಾ ನನ್ನ ಅಂಗಿ ಹಿಡಿದು ಜಗ್ಗಿದ. "ತಡಿಯೋ, ತಡಿ. ಬರಾಕತ್ತೈತಿ." ಡಬ್ಬಿ ಕಟ್ಟೆ ಬಿಟ್ಟಿತ್ತು. ಈ ಸಲ ಓಡಲಿಲ್ಲ, ನಡೆದು ಬರುವವರ ಹಾಗೆ ನಿಧಾನವಾಗಿ, ನಿಂತು ನಿಂತು ಬಂತು. ಗೇಟಿನ ಹತ್ತಿರ, ಮನೆಯ ಬಾಗಿಲಿಗೆ ಎದುರಾಗಿ ಬಂದಾಗ ಅದು ಹಳಿಯ ಮೇಲೆ ನಡುಗತೊಡಗಿತು. ಬಾಗಿಲ ಕಡೆಗೆ ನಾವು ಹಳಿ ಹಾಕಿರಲಿಲ್ಲ. ಒಂದು ಚಕ್ರ ಎದ್ದಿತು, ಇನ್ನೊಂದು ಎದ್ದಿತು, ಡಬ್ಬಿ ಹಳಿಯಿಂದ ಹಾರಿ ನೆಲಕ್ಕೆ ಬಿದ್ದು, ಬರಿನೆಲದ ಮೇಲೆ ಗರಗರ ಸದ್ದು ಮಾಡುತ್ತ ಹೋಗಿ ಹೊಸ್ತಿಲಿಗೆ ಬಡಿಯಿತು.

"ಖಾಜಾ, ನಿನ್ನ ಡಬ್ಬಿ ಹಳಿ ತಪ್ತು," ಎಂದಳು ಅವ್ವ.

"ತಪ್ಪಲಿ ಬಿಡು ಯವ್ವಾ," ಎಂದ ಕಾಕಾ. ಬಣ್ಣದ ಕೈಯಿಂದಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಹಸಿರಾಯಿತು.

ನಾನು ಬಾಗಿಲಿಗೆ ಹೋದೆ. ಬಡಿಗೇರರ ಮನೆಯ ಮುಂದೆ, ಬೇವಿನ ಮರದ ಕೆಳಗೆ ಒಬ್ಬಳು ವಯಸ್ಸಾದ ಹೆಂಗಸು ಕೈಚೀಲ ಹಿಡಿದು ನಿಂತಿದ್ದಳು. ಕೂದಲು ಬೆಳ್ಳಗಾಗಿತ್ತು, ಬೆನ್ನು ಸ್ವಲ್ಪ ಬಾಗಿತ್ತು. ಬಡಿಗೇರರ ಬಾಗಿಲನ್ನೂ ಮರವನ್ನೂ ನೋಡುತ್ತ, ಒಳಗೆ ಹೋಗಲೋ ಬೇಡವೋ ಎಂದು ನಿಂತಿದ್ದಾಳೆ. ಹೊರಗೆ ಬಂದ ಬಡಿಗೇರರ ಸೊಸೆ ಅವಳನ್ನು ಗುರುತು ಹಿಡಿಯದೆ, "ಯಾರು ಬೇಕಾಗಿತ್ರಿ?" ಎನ್ನುತ್ತಿದ್ದಾಳೆ. ಕಾಲ ಬಳಿ ಡಬ್ಬಿ ಹೊಸ್ತಿಲಿಗೆ ಟಕ್ ಟಕ್ ಎಂದು ಬಡಿಯುತ್ತಲೇ ಇತ್ತು. ಬಗ್ಗಿ, ಅದನ್ನು ಎತ್ತಿ ಹೊಸ್ತಿಲು ದಾಟಿಸಿ ಹೊರಗಿನ ಚಪ್ಪಡಿಯ ಮೇಲೆ ಬಿಟ್ಟೆ.

ಅದು ಓಡಿತು. ಚಪ್ಪಡಿಯ ಮೇಲೆ, ಬೇವಿನ ಎಲೆಗಳ ಮೇಲೆ, ಸೀದಾ ಅವಳ ಕಾಲಿಗೆ. ಅವಳು ಬಗ್ಗಿ ನೋಡಿದಳು. ಹಿಂದಿನ ಕಂಬಿಯನ್ನು ಬೆರಳಿನಿಂದ ಮುಟ್ಟಿದಳು. ಡಬ್ಬಿಯನ್ನು ಎದೆಗೆ ಒತ್ತಿಕೊಂಡು ತಲೆಯೆತ್ತಿದಾಗ, ಸುಕ್ಕುಗಟ್ಟಿದ ಆ ಮುಖದಲ್ಲಿ ಗೇಟಿನ ಕಡೆ ಕೈ ಬೀಸಿದ್ದ ಅಕ್ಕ ಇದ್ದಳು.

"ಗವಿಯಾ," ಎಂದು ನನ್ನ ಹೆಸರು ಹಿಡಿದು ಕರೆದಳು. "ಗಿಡಾ ಇಲ್ಲೈತಿ. ಮನಿ ಅಲ್ಯಾಕ ಹೋಗೇತೋ?"

ನಾನು ಉತ್ತರ ಹೇಳುವ ಮೊದಲೇ, ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದಿದ್ದ ಅವ್ವ ಹೇಳಿದಳು. ಅವಳ ಕಂಕುಳಲ್ಲಿ ಉಂಡಿಯ ಡಬ್ಬ ಇತ್ತು, ಕೈಯಲ್ಲಿ ತಾಟು.

"ನಿನ್ನ ಕರಿಯಾಕ ಕಟ್ಟೀಗೆ ಹೊಂಟಿತ್ತವ್ವಾ. ಭಾಳ ನಿಧಾನ ಅದು."